ಗೋಲ್‌ಕೀಪರನ ಪುಟಕ್ಕೊಂದು ತಿದ್ದುಪಡಿ

ಅಕ್ಟೋಬರ್ ೧೧

ಪ್ರೀತಿಯ ಅಣ್ಣನಿಗೆ,

ನಮಸ್ಕಾರಗಳು. ನೀವು ಫೋನಿನಲ್ಲಿ ಕೇಳಿದ್ದಕ್ಕೆ ಇಷ್ಟು ದಿನ ಉತ್ತರ ಕೊಡಲಿಲ್ಲ, ಕ್ಷಮಿಸಿ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಎರಡನೆಯ ಮಾತಿಗೆ ನಗಿಸಿಬಿಡುತ್ತೀರಿ, ಮೂರನೆಯ ಮಾತಿಗೆ ನಾನು ಒಪ್ಪಿಬಿಟ್ಟಿರುತ್ತೇನೆ. ಪಂಪ್‌ಹೌಸಿನಲ್ಲಿ ಒಂದೇ ಪಾಳಿಯಲ್ಲಿದ್ದಾಗಲೂ ಹೀಗೆಯೇ ಆಗುತ್ತಿತ್ತು. ಆದ್ದರಿಂದ ಈ ಕಾಗದ. ಮೊದಲು ಸಂಗತಿಗಳನ್ನು ಕ್ರಮವಾಗಿ ಬರೆಯುತ್ತೇನೆ.

೧. ನಮ್ಮ ಫುಟ್‌ಬಾಲ್ ಕ್ಲಬ್ಬು ಮುಚ್ಚಿದ ಮೇಲೆ, ಅಭಿಮಾನಿಗಳಾದ ನಾವು ಕೆಲವರು ಅದರ ಚರಿತ್ರೆಯನ್ನು ಅಂತರ್ಜಾಲದಲ್ಲಿ ಕೂಡಿಸಿಡುತ್ತಿದ್ದೇವೆ: ಹಳೆಯ ಫೋಟೋ, ಟಿಕೆಟ್ಟಿನ ಚೂರು, ಕ್ಯಾಸೆಟ್ಟಿನಿಂದ ಇಳಿಸಿದ ಪಂದ್ಯಗಳು. ಆಡಿದ ಪ್ರತಿಯೊಬ್ಬರಿಗೂ ಒಂದು ಪುಟವಿದೆ. ಮೇಲ್ವಿಚಾರಣೆ ನನ್ನದು.

೨. ಇಬ್ಬರು ಬೇರೆಬೇರೆಯಾಗಿ ದೃಢಪಡಿಸದ ಯಾವ ಸಂಗತಿಯನ್ನೂ ಹಾಕಬಾರದೆಂಬ ನಿಯಮ ಮಾಡಿದವನು ನಾನೇ.

೩. ಆಗಸ್ಟಿನಲ್ಲಿ ನಮ್ಮ ಕ್ಷೌರಿಕ, ಕತ್ತಿಯ ನೊರೆ ಒರೆಸಲು ಹರಿದಿಟ್ಟ ಪತ್ರಿಕೆಯ ತುಂಡಿನಲ್ಲಿ ಒಂದು ನಿಧನವಾರ್ತೆಯ ಫೋಟೋ ಕಂಡ. ಹೆಸರಿದ್ದ ಭಾಗ ಹರಿದುಹೋಗಿತ್ತು. ಮುಖ ನಿಮ್ಮದೆಂದು ಹೇಳಿದ. ಅದು ನಿಮ್ಮ ಹಿರಿಯಣ್ಣನದೆಂದು ನೀವು ಫೋನ್ ಮಾಡಿದಾಗಲೇ ತಿಳಿದದ್ದು.

೪. ನಮ್ಮ ಹಳೆಯ ರೆಫರಿ ಸುದ್ದಿಯನ್ನು ದೃಢಪಡಿಸಿದರು.

೫. ನಿಮ್ಮ ಪುಟದಲ್ಲಿ ಮರಣದ ಸಾಲು ಸೇರಿಸಿ, ಭಾವಚಿತ್ರಕ್ಕೆ ಕಪ್ಪು ಅಂಚು ಹಾಕಿದವನು ನಾನು.

೬. ನೀವು ಬದುಕಿದ್ದೀರಿ.

ನೀವು ಫೋನ್ ಮಾಡಿದ ಮರುದಿನವೇ ಕ್ಷೌರದಂಗಡಿಗೆ ಹೋದೆ. ಅದೃಷ್ಟಕ್ಕೆ ರೆಫರಿಯೂ ಕುರ್ಚಿಯಲ್ಲಿದ್ದರು. ನೀವು ಬದುಕಿರುವ ವಿಷಯ ಬಾಯಿಬಿಡದೆ, ಆ ಸುದ್ದಿಗೆ ಆಧಾರವೇನೆಂದು ಮಾತ್ರ ಕೇಳಿದೆ.

“ಆಧಾರ ಏನು ಬಂತು ಸಾರ್? ಅಷ್ಟು ವರ್ಷ ಆ ಗಡ್ಡ ಹೆರೆದಿದೀನಿ. ಆ ಮೂಗು, ಆ ದವಡೆ ಮರೆಯೋಕಾಗುತ್ತಾ?” ಎಂದ ಕ್ಷೌರಿಕ.

“ನಿಮಗೆ ಯಾರು ಹೇಳಿದ್ದು?” ಎಂದು ರೆಫರಿಯನ್ನು ಕೇಳಿದೆ.

“ಯಾರು ಅಂದ್ರೆ... ಇಲ್ಲೇ ಕೂತಿದ್ದೆ. ಇವನೇ ಹೇಳ್ದ.”

“ನೋಡ್ದೇನೇ ಸೀಟಿ ಊದಿಬಿಟ್ರಾ? ಅದೇನು ಹೊಸದಲ್ಲ ಬಿಡಿ!” ಎಂದು ಕ್ಷೌರಿಕ ನಕ್ಕ. ರೆಫರಿ ನೊರೆಯ ಮುಖದಲ್ಲೇ ಕೆಂಪಾದರು.

ನನಗೆ ನಗು ಬರಲಿಲ್ಲ. ಒತ್ತಡದ ಮಾಪಕಗಳನ್ನು ಪರೀಕ್ಷಿಸಿ ಸರಿಪಡಿಸುವುದು ನನ್ನ ವೃತ್ತಿ. ಕೆಟ್ಟ ಮಾಪಕವೊಂದನ್ನು ನೋಡಿ ಎರಡನೆಯದನ್ನು ಹೊಂದಿಸಿದರೆ, ಎರಡರ ಮುಳ್ಳೂ ಒಂದೇ ಅಂಕೆಯ ಮೇಲೆ ನಿಲ್ಲುತ್ತವೆ. ಆ ಒಪ್ಪಿಗೆಗೆ ಅರ್ಥವಿಲ್ಲ. ಕೆಲಸಕ್ಕೆ ಸೇರುವ ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ ಇದು.

ನಿಮ್ಮ ಪುಟದ ಕೆಳಗೆ ಬಂದ ಸಂದೇಶಗಳನ್ನು ನೀವು ಓದಿದ್ದೀರಿ. ಆ ಕೊನೆಯ ಫೈನಲ್ಲಿನಲ್ಲಿ ತೆವಳಿಕೊಂಡು ಬಂದ ಚೆಂಡು ನಿಮ್ಮ ಕಾಲ ಸಂದಿಯಲ್ಲಿ ನುಸುಳಿದಾಗ, “ಬೇಕಂತಲೇ ಬಿಟ್ಟ” ಎಂದು, ನೀವು ಮನೆಗೂ ಬಾರದೆ ಊರು ಬಿಟ್ಟ ರಾತ್ರಿ, ನಿಮ್ಮ ಮನೆಯ ಮುಂದೆ ಕೂಗಾಡಿದವರೂ ಅಲ್ಲಿ ಬರೆದಿದ್ದಾರೆ. ‘ಉಡದ ಪಟ್ಟು ಅಂದರೆ ನಮ್ಮ ಉಡಣ್ಣನದು, ಅಂಥ ಕೀಪರ್ ಇನ್ನು ಹುಟ್ಟುವುದಿಲ್ಲ’ ಎಂದು ಬರೆದವನ ಹೆಸರು ಕಂಡು, ಅವನು ಅಂದು ಕೈಯಲ್ಲಿ ಹಿಡಿದಿದ್ದ ಕಲ್ಲು ನನಗೆ ನೆನಪಾಯಿತು. ನಾನು ಏನೂ ಬರೆಯಲಿಲ್ಲ. ಕಪ್ಪು ಅಂಚಿನ ದಪ್ಪವನ್ನು ಮಾತ್ರ ಹಲವು ಸಲ ಬದಲಿಸಿದೆ.

ಆಮೇಲೆ ನಿಮ್ಮ ಫೋನು. “ಏನೋ ಮುಳ್ಳು, ದೆವ್ವದ ಹತ್ರ ಮಾತಾಡ್ತಿದೀಯ, ಹೆದರ್ಕೋಬೇಡ” ಎಂದಿರಿ. ಇಷ್ಟು ವರ್ಷಗಳಿಂದ ಪಂಪ್‌ಹೌಸಿನ ಆ ಅಡ್ಡಹೆಸರಿನಿಂದ ನನ್ನನ್ನು ಯಾರೂ ಕರೆದಿರಲಿಲ್ಲ. ಕುರ್ಚಿ ಹುಡುಕಿ ಕುಳಿತೆ. “ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ನಂಗೀಗ ಇಪ್ಪತ್ತು ಸೇರು” ಎಂದು ನಕ್ಕಿರಿ. ಸಂದೇಶಗಳನ್ನೆಲ್ಲ ಅಚ್ಚು ಹಾಕಿ ಕಳಿಸೆಂದು ವಿಳಾಸ ಹೇಳಿದಿರಿ. ತಕ್ಷಣ ತಿದ್ದಿಬಿಡುತ್ತೇನೆ ಎಂದಾಗ ಮಾತ್ರ ನಿಮ್ಮ ದನಿ ಇಳಿಯಿತು.

“ಬೇಡ. ಹಾಗೇ ಇರ್ಲಿ ಬಿಡು. ಮಗಳು ಬರೆದಿದ್ದು ಓದಿದ್ಯಾ?”

ಓದಿದ್ದೆ. ‘ಅಪ್ಪ, ಸೋತು ಬಂದಿದ್ದರೆ ಬಾಗಿಲು ತೆಗೆಯುತ್ತಿದ್ದೆವು. ಅಮ್ಮ ಕಡೆಯವರೆಗೂ ನಿಮ್ಮನ್ನು ಬೈಯಲಿಲ್ಲ. ಆ ಕೆಲಸವನ್ನು ನಾನೊಬ್ಬಳೇ ಮಾಡಿದೆ. ಇವತ್ತಿಗೆ ನಿಲ್ಲಿಸಿದ್ದೇನೆ.’

“ನಾನು ಊರು ಬಿಟ್ಟ ಮೇಲೆ ಅವಳು ನನ್ನನ್ನ ಅಪ್ಪ ಅಂದಿದ್ದು ಇದೊಂದೇ ಸಲ ಕಣೋ. ಅವಳಮ್ಮನ ಮಣ್ಣಿಗೂ ಹೋಗದವನು ನಾನು. ಸತ್ತು ಇಷ್ಟು ಸಂಪಾದ್ಸಿದೀನಿ. ಬದುಕಿ ಅದನ್ನೂ ಕೆಡಿಸ್ಲಾ?”

“ಯೋಚಿಸ್ತೀನಿ ಅಣ್ಣ” ಎಂದೆ. ಯೋಚಿಸಿದೆ ಕೂಡ. ಒಬ್ಬ ಮನುಷ್ಯನ ನೆಮ್ಮದಿಗಾಗಿ ಒಂದು ಸಾಲು ತಪ್ಪಾಗಿ ಉಳಿದರೆ ಯಾರಿಗೆ ನಷ್ಟ ಎಂದು ನನಗೆ ನಾನೇ ಕೇಳಿಕೊಂಡೆ. ಯಾರಿಗೂ ಇಲ್ಲವೆಂದು ಹೆಚ್ಚುಕಡಿಮೆ ಒಪ್ಪಿಕೊಂಡಿದ್ದೆ.

ಕಳೆದ ಭಾನುವಾರ ನಿಮ್ಮ ಮಗಳು, ಚರಿತ್ರೆ ಕೂಡಿಸುವ ನಮ್ಮ ಕೋಣೆಗೆ ಬಂದಳು. ಸೈಕಲ್ ಅಂಗಡಿಯ ಮೇಲಿನ ಒಂದೇ ಕಿಟಕಿಯ ಕೋಣೆ. ಒಂದು ಸ್ಕ್ಯಾನರು, ಎರಡು ಕಂಪ್ಯೂಟರು, ಗೋಡೆಯುದ್ದಕ್ಕೂ ಕ್ಯಾಸೆಟ್ಟಿನ ಪೆಟ್ಟಿಗೆಗಳು. ಅವಳೀಗ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುತ್ತಾಳೆ. ನಿಂತ ಕಡೆಯಿಂದಲೇ ನನ್ನ ಕನ್ನಡಕ ನೋಡಿ, “ನಂಬರ್ ಹೆಚ್ಚಾಗಿದೆ ಚಿಕ್ಕಪ್ಪ, ಕಣ್ಣು ಕಿರಿದು ಮಾಡ್ತಿದೀರಿ” ಎಂದಳು. ನಿಮ್ಮ ನಾಲ್ಕು ಫೋಟೋ ತಂದಿದ್ದಳು. ಒಂದರಲ್ಲಿ ನೀವು ಅವಳನ್ನು ಗೋಲಿನ ಅಡ್ಡಪಟ್ಟಿಗೆ ಜೋತುಬೀಳಿಸಿ, ಕೆಳಗೆ ಎರಡೂ ಕೈ ಚಾಚಿ ನಿಂತಿದ್ದೀರಿ. ಎಲ್ಲವನ್ನೂ ಸ್ಕ್ಯಾನ್ ಮಾಡಿಕೊಟ್ಟೆ.

ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದಳು: “ಅಪ್ಪನ್ನ ಎಲ್ಲಿ ಮಣ್ಣು ಮಾಡಿದ್ರು ಚಿಕ್ಕಪ್ಪ? ಮಣ್ಣೋ, ಸುಟ್ರೋ, ಅದೂ ಗೊತ್ತಿಲ್ಲ ನಂಗೆ. ಒಂದ್ಸಲ ಹೋಗಿ ನಿಂತು ಬರ್ತೀನಿ, ಅಷ್ಟೇ.”

“ವಿಚಾರಿಸಿ ಹೇಳ್ತೀನಿ ತಾಯಿ” ಎಂದೆ.

“ನೀವು ವಿಚಾರಿಸಿದ್ರೆ ಸರಿಯಾಗೇ ಇರುತ್ತೆ ಬಿಡಿ” ಎಂದು ಮೆಟ್ಟಿಲಿಳಿದಳು.

ಅಣ್ಣ, ಅಲ್ಲಿಯವರೆಗೆ ನನ್ನದು ತಪ್ಪು. ಆ ಕ್ಷಣದಿಂದ ಸುಳ್ಳು. ಆಧಾರ ಸಿಗದೆ ತಪ್ಪಿದ್ದಕ್ಕೂ ಆಧಾರವನ್ನು ಕಿಸೆಯಲ್ಲಿಟ್ಟುಕೊಂಡು ತಪ್ಪು ಹೇಳಿದ್ದಕ್ಕೂ ನನ್ನ ಕೆಲಸದಲ್ಲಿ ಬೇರೆಬೇರೆ ಹೆಸರಿದೆ. ಇಲ್ಲದ ಸಮಾಧಿಯನ್ನು ಹುಡುಕಲು ನಾನವಳನ್ನು ಕಳಿಸಲಾರೆ. ಇನ್ನೊಂದು ಮಾತು, ಕೋಪಿಸಿಕೊಳ್ಳಬೇಡಿ: ಅವಳು ಕ್ಷಮಿಸಿದ್ದು ಸತ್ತವರನ್ನು. ಅದನ್ನು ನೀವು ಬದುಕಿದ್ದುಕೊಂಡು ಅನುಭವಿಸುವುದು ಬೇರೆಯವರ ಪಾಲಿನ ಊಟಕ್ಕೆ ಎಲೆ ಹಾಕಿಕೊಂಡು ಕುಳಿತಂತೆ.

ಆದ್ದರಿಂದ ಈ ಕಾಗದ ಕೈಸೇರಿದ ದಿನವೇ ನೀವು ಅವಳಿಗೆ ಫೋನ್ ಮಾಡಬೇಕು. ಅವಳ ನಂಬರು ಹಿಂಬದಿಯಲ್ಲಿದೆ. ಬೈದರೆ ಬೈಸಿಕೊಳ್ಳಿ. ನೀವು ಮಾಡಿದಿರೆಂದು ತಿಳಿದ ಮೇಲೆ ಪುಟವನ್ನು ತಿದ್ದುತ್ತೇನೆ. ಹದಿನೈದು ದಿನ ಕಾಯುತ್ತೇನೆ, ಅನಂತರ ಕಾಯುವುದಿಲ್ಲ.

ಹಿರಿಯಣ್ಣನವರ ಅಗಲಿಕೆಗೆ ನಾನು ಎರಡು ಮಾತು ಹೇಳಲೂ ಇಲ್ಲ. ನಿಮ್ಮ ಸಾವಿನ ಗಡಿಬಿಡಿಯಲ್ಲಿ ಅವರ ಸಾವು ಹಿಂದೆ ಬಿತ್ತು. ಅವರ ಆತ್ಮಕ್ಕೆ ಶಾಂತಿ ಸಿಗಲಿ. ಮೊಣಕಾಲು ನೋಯುತ್ತದೆಂದಿರಿ, ಮೆಟ್ಟಿಲು ಹತ್ತಬೇಡಿ. ನಿಮಗೆ ನೂರು ತುಂಬಲಿ. ಹರಸುವಷ್ಟು ದೊಡ್ಡವನಲ್ಲ, ಆದರೂ ಹೇಳಿದ್ದೇನೆ.

ಇಂತು ನಿಮ್ಮ,
ಮುಳ್ಳು

ತಾ.ಕ. (ಅಕ್ಟೋಬರ್ ೧೩): ಕಾಗದ ಅಂಚೆಗೆ ಹೋಗುವ ಮುನ್ನವೇ ಅವಳು ಮತ್ತೆ ಬಂದಳು. ಅಂಗಡಿಗೆ ರಜೆ ಹಾಕಿ, ನಿಧನವಾರ್ತೆ ಕೊಟ್ಟವರ ವಿಳಾಸ ಕೇಳಲು ಪತ್ರಿಕೆಯ ಕಚೇರಿಗೆ ಹೊರಟಿದ್ದಳು, ಕೈಯಲ್ಲಿ ಚೀಲವಿತ್ತು. ಹದಿನೈದು ದಿನ ಕಾಯುವ ಮಾತನ್ನು ಉಳಿಸಿಕೊಳ್ಳಲಾಗಲಿಲ್ಲ. ಹೇಳಿಬಿಟ್ಟೆ.

ಮೊದಲು ಅವಳು ನಕ್ಕಳು. ನಿಮ್ಮದೇ ನಗು. ಆಮೇಲೆ, “ನಾನು ಬರೆದಿದ್ದು ಓದಿದಾರಾ?” ಎಂದಳು.

“ಓದಿದಾರೆ.”

“ಓದಿದ ಮೇಲೂ, ಸತ್ತೇ ಇರ್ತೀನಿ ಅಂದ್ರಾ?”

ಹೌದೆಂದೆ. ಅವಳು ಚೀಲವನ್ನು ಕೆಳಗಿಟ್ಟು, ತಾನು ಬರೆದದ್ದನ್ನು ಅಳಿಸಿಬಿಡಿ ಎಂದಳು. ಏನನ್ನು ಅಳಿಸಿದರೂ ಒಂದು ಪ್ರತಿ ಇಟ್ಟುಕೊಳ್ಳಬೇಕೆಂಬುದು ನಮ್ಮ ಇನ್ನೊಂದು ನಿಯಮ. ಅವಳ ಎದುರಿಗೇ ಅಳಿಸಿದೆ, ಪ್ರತಿ ಇಟ್ಟುಕೊಳ್ಳಲಿಲ್ಲ. ನಿಮಗೆಂದು ಅಚ್ಚು ಹಾಕಿದ ಹಾಳೆಗಳಿಂದಲೂ ಅದನ್ನು ತೆಗೆದಿದ್ದೇನೆ. ಉಳಿದವು ಇದರೊಂದಿಗಿವೆ. ನಿಮ್ಮ ಪುಟದ ಮರಣದ ಸಾಲನ್ನೂ ಕಪ್ಪು ಅಂಚನ್ನೂ ಅಂದೇ ತೆಗೆದೆ.

ನಿಮ್ಮ ವಿಳಾಸವನ್ನು ಅವಳು ಕೇಳಲಿಲ್ಲ. ನಾನು ಬರೆದುಕೊಟ್ಟಿದ್ದೇನೆ.