ಎಡಗಡೆಯ ಕಾವು

ಜಹೀರಾಬಾದ್
೯ ಮಾರ್ಚ್ ೨೦೨೩

ಚಿರಂಜೀವಿ ಶಿವಗಂಗಾಗ ನಿನ್ನ ಮಾವ ಶಿವಶಂಕರಪ್ಪ ಮಾಡುವ ಆಶೀರ್ವಾದ. ಕೂಸು ಹುಟ್ಟಿ ತಿಂಗಳಾಗುತ್ತ ಬಂತು, ಈಗ ಬರೆಯುತ್ತಿದ್ದೀನಿ. ಸಿಟ್ಟಾಗಬ್ಯಾಡವ್ವ. ಕೂಸು ಕಣ್ಣಗಲಿಸಿ ನೋಡತದಂತ ನಿಮ್ಮವ್ವ ಹೇಳಿದರು. ನಿಮ್ಮತ್ತಿ ಅಂಟಿನುಂಡಿ ಕಟ್ಟಿ ಕಳಿಸ್ಯಾಳ, ತಿನ್ನು.

ಮೊನ್ನೆ ಫೋನಿನ್ಯಾಗ ನೀ ಕೇಳಿದಿ, "ಮಾವಾರ, ಹೆಣ್ಣು ಹುಟ್ಟಿತಂತ ಅವರು ತಾಂಡೂರಿಗೆ ಬರವಲ್ಲರೇನ್ರಿ? ಫೋನೂ ಎತ್ತವಲ್ಲರು." ನಾ ಡ್ಯೂಟಿ ಅಂದೆ. ಹಂಗಲ್ಲ ತಾಯಿ. ನಿನ್ನ ಹೆಸರಿನ ಹಿಂದ ಈ ಸಲ 'ಸೌ.' ಬರೆಯಲಾಗಲಿಲ್ಲ ನನಗ. ಕಾಶಿನಾಥ ಇಲ್ಲವ್ವ. ನಿನಗ ಬ್ಯಾನಿ ಬರೋ ಮೊದಲೇ ತೀರಿಕೊಂಡ. ಆಗ ಹೇಳಿದರ ನಿನಗೇನಾರ ಆದೀತಂತ ಎರಡೂ ಮನಿಯವರು ಬಾಯಿ ಕಟ್ಟಿಕೊಂಡೆವು.

ಹೆಂಗಂತ ನಿನಗ ತಿಳೀಬೇಕು. ನಮ್ಮ ಬಾಟಲಿ ಕಾರ್ಖಾನ್ಯಾಗ ಗಾಜು ಕರಗಿಸೋ ಭಟ್ಟಿಗೆ ಎಡಕ್ಕೊಂದು ಬಲಕ್ಕೊಂದು ಇಟ್ಟಂಗಿ ಗೂಡು ಇರತಾವ. ಒಂದರಿಂದ ಗಾಳಿ ಒಳಗ ಹೋಗಿ ಉರಿ ಏಳತದ, ಇನ್ನೊಂದರಿಂದ ಆ ಉರಿಯ ಬಿಸಿ ಹೊರಬೀಳತದ. ಸ್ವಲ್ಪ ಹೊತ್ತಿಗೊಮ್ಮೆ ದಿಕ್ಕು ತಿರುವಬೇಕು, ಇಲ್ಲಾಂದ್ರ ಕಾವು ಒಂದೇ ಕಡೆ ಕೂತು ಗಾಜು ಕೆಡತದ. ಎಡಗೂಡು ಬೂದಿ ಕಟ್ಟಿ, ಆ ಕಡೆ ಕಾವು ಸಾಲದೆ ಬಾಟಲಿಗೆಲ್ಲ ಗುಳ್ಳೆ ಬರುತ್ತಿದ್ದವು. ಆ ಗೂಡಿನಿಂದ ತಂಪು ಗಾಳಿ ಒಳಗ ಹೋಗೋ ಹೊತ್ತು ನೋಡಿ ಕಾಶಿನಾಥ ಎಡಗೂಡಿನ ಕೆಳಬಾಗಿಲು ತೆಗೆದು ಸಲಾಕಿಯಿಂದ ಕೆದರಾಕ ಕೂತ. ಕೂಡೋ ಮೊದಲು ದಿಕ್ಕು ತಿರುವೋ ಹಿಡಿಕಿಗೆ ತನ್ನ ಟವೆಲ್ ಕಟ್ಟಿದ. ಟವೆಲ್ ಕಂಡರ ಯಾರೂ ತಿರುವಬಾರದು, ನಮ್ಮ ಭಟ್ಟಿಯ ಹಳೇ ರೂಢಿ ಅದು. ಆದರ ಈಗ ತಿರುವೋದು ಮ್ಯಾಲಿನ ಖೋಲಿಯ ಬಟನ್. ಅಲ್ಲಿಂದ ಹಿಡಿಕಿ ಕಾಣಂಗಿಲ್ಲ. ಬಲಗಡೆ ಕಾವು ಏರಿದ್ದು ನೋಡಿ ಅಲ್ಲಿದ್ದವ ಹೊತ್ತಿಗಿಂತ ಮೊದಲೇ ಒತ್ತಿದ. ಬಿಸಿಯೆಲ್ಲ ಎಡಗೂಡಿನಿಂದ ಇಳಿದು ಇವನ ಮಾರಿಗೇ ಬಂತು.

ನಾ ಭಟ್ಟಿಗೆ ಮಾಲು ಹಾಕೋ ಕಡೆಯಿಂದ ಓಡಿ ಬಂದೆ. "ಆರಿಸ್ರೋ, ಆರಿಸ್ರೋ!" ಅಂತ ಒದರಿದೆ. ಮ್ಯಾನೇಜರ್ ಆತ್ಮಾರಾಮ, "ಹುಚ್ಚೇನ್ರಿ ಕಾಕಾ? ಆರಿಸಿದ್ರ ಗಾಜು ಹೆಪ್ಪುಗಟ್ಟಿ ಭಟ್ಟಿನೇ ಹೋಗತದ. ಕಾಲು ಹಿಡದು ಎಳೀರಿ," ಅಂದ. ಎಳೆದೆವು. ಆಸ್ಪತ್ರೆ ಹಾದ್ಯಾಗ ಕಾಶಿನಾಥ "ಶಿವಗಂಗಾಗ ಹೇಳಬ್ಯಾಡ ಅಪ್ಪಾ, ಅಂಜತಾಳ" ಅಂದ. ಅದೇ ಕಡೀ ಮಾತು. ಸಿರ್ಗಾಪುರದ ಹೊಲದಾಗ ನಮ್ಮಪ್ಪನ ಮಗ್ಗಲಿಗೆ ಕೂಡಿಸಿ ಮಣ್ಣು ಕೊಟ್ಟೆವು.

ಮರುದಿನದಿಂದ ಬಾಟಲಿಗೆ ಒಂದೂ ಗುಳ್ಳೆ ಇಲ್ಲ. "ನಿಮ್ಮ ಹುಡುಗ ಕೆಲಸ ಮುಗಿಸೇ ಹೋದ ನೋಡ್ರಿ," ಅಂತ ಆತ್ಮಾರಾಮ ಎಲ್ಲರ ಮುಂದ ನಗತಾ ಅಂದ.

ಕೂಸು ಹೆಣ್ಣಂತ ಅವಗ ಸಿಟ್ಟಿರಲಿಲ್ಲವ್ವ. ಹೆಣ್ಣೋ ಗಂಡೋ ಅವಗ ತಿಳೀಲೇ ಇಲ್ಲ. ಎಷ್ಟೇ ಅತ್ತರೂ ಕೂಸಿಗೆ ಹಾಲು ತಪ್ಪಿಸಬ್ಯಾಡ. ಶಿವ ನಿಮ್ಮಿಬ್ಬರನ್ನೂ ನೆಟ್ಟಗ ಇಡಲಿ.

ನಿನ್ನ ಮಾವ
ಶಿವಶಂಕರಪ್ಪ

ತಾ.ಕ.: ಈ ಪತ್ರ ತಂದ ನಿನ್ನ ಮೈದುನ ಬಸವಕಿರಣ ಹೊರಗ ಕಟ್ಟಿ ಮ್ಯಾಲ ಕೂತಿರತಾನ. ಬಟನ್ ಒತ್ತಿದವ ಅವನೇ. ಮಣ್ಣು ಕೊಟ್ಟಾಗಿಂದ ನಾ ಅವನ ಕೂಡ ಮಾತಾಡಿಲ್ಲ. ನೀ ಅಳೋದು ಅವ ಕೇಳಲಿ ಅಂತಲೇ ಅವನ ಕೈಯಾಗ ಕಳಿಸೀನಿ. ಅಣ್ಣನ ಕೂಸನ್ನ ಒಮ್ಮೆ ನೋಡತೀನಿ ಅಂತಾನ. ತೋರಿಸಬ್ಯಾಡ.