ಯಂತ್ರದಲ್ಲಿ ದೋಷವಿಲ್ಲ

ಜೂನ್ ೧೧, ಮಂಗಳವಾರ

ರಿಪೇರಿಯವರ ಮೇಲೆ ಸುಮ್ಮನೆ ಹರಿಹಾಯ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ.

ನರದಲ್ಲಿ ಸಂಕೇತ ಹರಿಯುವ ವೇಗ ಅಳೆಯುವ ಯಂತ್ರ ಇವತ್ತು ರಿಪೇರಿಯಾಗಿ ಆಸ್ಪತ್ರೆಗೆ ವಾಪಸ್ ಬಂತು. ರೋಗಿಗಳಿಗೆ ಹಚ್ಚುವ ಮೊದಲು ನನ್ನ ಬಲಗೈ ಮೇಲೆಯೇ ನೋಡಿಕೊಳ್ಳುವುದು ರೂಢಿ. ಮಣಿಕಟ್ಟಿಗೊಮ್ಮೆ, ಮೊಣಕೈಗೊಮ್ಮೆ ಸಣ್ಣ ಶಾಕ್ ಕೊಟ್ಟೆ, ಹೆಬ್ಬೆರಳು ಅದುರಿತು. ಹೋದ ವರ್ಷ ಸೆಕೆಂಡಿಗೆ ಐವತ್ತೆಂಟು ಮೀಟರ್ ಇದ್ದದ್ದು ಇವತ್ತು ನಲವತ್ತೊಂದು. ಕೈ ತಣ್ಣಗಿದ್ದರೆ ವೇಗ ಕಡಿಮೆ ಬರುತ್ತದೆ. ಬಿಸಿನೀರಿನಲ್ಲಿ ಅದ್ದಿಟ್ಟು ಮತ್ತೆ ನೋಡಿದೆ. ಆಗಲೂ ನಲವತ್ತೊಂದೇ.

“ರಿಪೇರಿ ಮಾಡಿದ್ರೋ, ಇದ್ದದ್ದನ್ನೂ ಕೆಡಿಸಿದ್ರೋ?” ಅಂದೆ.

ಅವರು ಅಂಗಿಯ ತೋಳು ಮಡಚಿ ತಮ್ಮ ಕೈ ಚಾಚಿದರು. ಐವತ್ತೊಂಬತ್ತು.

“ನೋಡಿ ಮೇಡಂ, ಮಿಷಿನ್ ಸರಿಯಾಗೇ ಇದೆ!” ಬೈಸಿಕೊಂಡ ಮುಖ ಅರಳಿತು. ಅವರ ಕಾಗದದ ಮೇಲೆ ‘ಯಂತ್ರದಲ್ಲಿ ದೋಷವಿಲ್ಲ’ ಎಂದು ಬರೆದು ಸಹಿ ಹಾಕಿದೆ.

ಎರಡು ತಿಂಗಳಿಂದ ನನ್ನ ಕೈಯಿಂದ ಲೋಟ ಜಾರುತ್ತಿದೆ. “ಗಮನ ಎಲ್ಲಿಟ್ಟಿರ್ತೀಯೇ?” ಎಂದು ಅಮ್ಮ ಗದರುತ್ತಾಳೆ. ಗಮನದ್ದೇ ತಪ್ಪೆಂದು ನಾನೂ ನಂಬಿದ್ದೆ. ಬೇರೆ ಯಾರಾದರೂ ಕೈಯಿಂದ ಲೋಟ ಜಾರುತ್ತದೆ ಎಂದಿದ್ದರೆ ಆ ಕ್ಷಣವೇ ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸುತ್ತಿದ್ದೆ. ಹೆದರಬೇಡಿ, ಕೈ ಸಡಿಲ ಬಿಡಿ ಎನ್ನುತ್ತಿದ್ದೆ. ಹದಿನೈದು ವರ್ಷ ಎಷ್ಟು ಸಲೀಸಾಗಿ ಹೇಳಿದ್ದೇನೆ ಆ ಮಾತನ್ನು.

ನಾಳೆ ಡಾಕ್ಟರಿಗೆ ತೋರಿಸಬೇಕು. ಅಮ್ಮನಿಗೆ ಊಟದ ಹೊತ್ತಿಗೇ ಹೇಳೋಣವೆಂದು ಕೂತಿದ್ದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೀರು ಕುಡಿದೆ. ಅಮ್ಮ ನೋಡುತ್ತಲೇ ಇದ್ದಳು.

“ಅಬ್ಬಾ, ಇವತ್ತಾದ್ರೂ ಬೀಳಿಸ್ಲಿಲ್ವಲ್ಲ” ಎಂದು ನಕ್ಕಳು. ನಾನೂ ನಕ್ಕೆ.