ಹಾಲುಕ್ಕುವ ಮುನ್ನ ಹೇಳಬೇಕಾದದ್ದು

ತುಮಕೂರು, ಶ್ರಾವಣದ ಮೂವತ್ತೆರಡನೇ ದಿನ, ಇಸವಿ 2171

ಸಿದ್ದಗಂಗಮ್ಮನವರಿಗೆ, ನಿಮ್ಮ ಆರನೇ ತಲೆಮಾರಿನ ಮೊಮ್ಮಗಳು ಇಂಚರ ಮಾಡುವ ನಮಸ್ಕಾರ.

ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ಆಷಾಢದಲ್ಲಿ ಮನೆ ಬದಲಿಸಬಾರದೆಂಬ ನಿಮ್ಮ ಮೊಂಡುತನ ನಮ್ಮವರೆಗೂ ಬಂದಿದೆ. ಆಷಾಢ ಮುಗಿದದ್ದೇ ತಡ, ಊರಿಗೆ ಊರೇ ಗಂಟುಮೂಟೆ ಕಟ್ಟುತ್ತದೆ. ಅದಕ್ಕೇ ಸರ್ಕಾರ ಶ್ರಾವಣಕ್ಕೆ ಎರಡು ದಿನ ಹೆಚ್ಚಿಗೆ ಕೊಟ್ಟಿದೆ. ನನ್ನ ಮಾತಿನಲ್ಲಿ ತಿಳಿಯದ ಪದ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ, ಬಿಡಿಸಿ ಹೇಳುತ್ತೇನೆ.

ನಮ್ಮಲ್ಲಿ 'ಹಾಲುಮಾತು' ಎಂಬ ಕಾನೂನಿದೆ. ಮನೆ ಮಾರಲಿ, ಬಾಡಿಗೆಗೆ ಕೊಡಲಿ, ಬರುವವರು ಹಾಲುಕ್ಕಿಸುವಾಗ ಮಾಲೀಕರು ಒಲೆಯ ಪಕ್ಕ ನಿಲ್ಲಬೇಕು. ಅಕ್ಕಪಕ್ಕದ ಮನೆಯ ಇಬ್ಬರು ಸಾಕ್ಷಿಗಳಿರುತ್ತಾರೆ. ಎಲ್ಲಿ ಸೋರುತ್ತದೆ, ಯಾವ ಗೋಡೆಗೆ ತೇವ ಹತ್ತುತ್ತದೆ, ಪತ್ರದಲ್ಲಿ ಯಾರ ತಕರಾರಿದೆ, ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಹಾಲುಕ್ಕುವುದರೊಳಗೆ ಹೇಳಿದ್ದನ್ನು ಒಪ್ಪುವುದೂ ಬಿಡುವುದೂ ಬಂದವರಿಗೆ ಸೇರಿದ್ದು. ಮುಚ್ಚಿಟ್ಟದ್ದರಿಂದ ಏನೇ ಆದರೂ ಹೊಣೆ ಮಾಲೀಕರದೇ, ಅವರು ಬದುಕಿರುವವರೆಗೂ. ಇಷ್ಟವಾಗದಿದ್ದರೆ ಬಂದವರು ಒಲೆ ಆರಿಸಿ ಹೊರಡಬಹುದು. ಯಾರೂ ಮುಖ ಸಿಂಡರಿಸುವಂತಿಲ್ಲ.

ನೀವು ಬರೆಸಿದ ಹನ್ನೊಂದು ತಿಂಗಳ ಕರಾರುಪತ್ರ ನಮ್ಮ ಪೆಟ್ಟಿಗೆಯಲ್ಲಿದೆ. ಗೋಡೆಗೆ ಮೊಳೆ ಹೊಡೆಯಬಾರದು, ನೆಂಟರು ಮೂರು ದಿನಕ್ಕಿಂತ ಹೆಚ್ಚು ಉಳಿಯಬಾರದು, ಒಗ್ಗರಣೆಯ ಘಾಟು ಮಹಡಿಗೆ ಬರಬಾರದು. ಬಾಡಿಗೆಗೆ ಬಂದವರಿಗೆ ಹದಿನಾರು ಷರತ್ತು, ನಿಮಗೆ ಒಂದೂ ಇಲ್ಲ. ಜೋರಾಗಿದ್ದಿರಿ ಬಿಡಿ, ಅಜ್ಜಿ!

ಆದರೆ ಆ ಪತ್ರದಲ್ಲಿ ಬಾವಿಯ ಮಾತಿಲ್ಲ. ಆಗ್ನೇಯ ಮೂಲೆಯಲ್ಲಿ ಬಾವಿ ಇದ್ದರೆ ಯಾರೂ ಬಾಡಿಗೆಗೆ ಬರುವುದಿಲ್ಲವೆಂದು ಹೆದರಿ ನೀವು ಅದಕ್ಕೆ ಕಟ್ಟಡದ ಕಸ ತುಂಬಿಸಿದಿರಿ. ಅಡುಗೆಮನೆ ಆಗ್ನೇಯದಲ್ಲೇ ಇರಬೇಕೆಂದು ಅದರ ಮೇಲೇ ಒಲೆಯ ಕಟ್ಟೆ ಕಟ್ಟಿಸಿದಿರಿ. ವಾಸ್ತು ಸರಿಹೋಯಿತು. ಎರಡನೇ ಮಳೆಗಾಲಕ್ಕೆ ನೆಲ ಕುಸಿಯಿತು. ಬಾಡಿಗೆಗಿದ್ದ ನರ್ಸ್ ವನಜಾಕ್ಷಿ ಹಾಲಿನ ಪಾತ್ರೆ ಹಿಡಿದು ಒಲೆಯ ಮುಂದೆ ನಿಂತಿದ್ದವಳು ಬಾವಿಯೊಳಗೆ ಬಿದ್ದಳು. ಅವಳು ಮತ್ತೆ ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಹತ್ತೊಂಬತ್ತು ವರ್ಷ ಕೋರ್ಟಿಗೆ ಅಲೆದು ಈ ಕಾನೂನು ತಂದಳು.

ಇವತ್ತು ಅದೇ ಮನೆಗೆ ಬಸ್ಸು ರಿಪೇರಿಯ ಕೆಂಪರಾಜು, ಅವನ ಹೆಂಡತಿ ಪಲ್ಲವಿ ಬಂದರು. ಬಾವಿಯನ್ನು ಭದ್ರವಾಗಿ ಮುಚ್ಚಿಸಿ ನೂರು ವರ್ಷವೇ ಕಳೆದಿದ್ದರೂ ಅದನ್ನು ಹೇಳಲೇಬೇಕು. ಹೇಳಿದಾಗಲೆಲ್ಲ ಜನ ಒಲೆ ಆರಿಸಿ ಹೋಗಿದ್ದಾರೆ. "ಈ ಸಲ ಸುಮ್ನಿರಕ್ಕ, ಯಾರಿಗ್ ಗೊತ್ತಾಗುತ್ತೆ?" ಎಂದ ನನ್ನ ತಮ್ಮ. ನಾನೂ ಸುಮ್ಮನಿದ್ದೆ, ನಾಚಿಕೆಯಿಲ್ಲದೆ. ಹಾಲು ಅಂಚಿಗೆ ಬಂತು. ನನ್ನ ಮುಖ ನೋಡಿದ ಪಲ್ಲವಿ ಒಲೆ ಆರಿಸಿದಳು. "ಹಾಲೇನ್ ಓಡ್ಹೋಗಲ್ಲ, ನಿಧಾನಕ್ಕೆ ಹೇಳಿ ಅಮ್ಮ" ಎಂದಳು.

ಎಲ್ಲ ಹೇಳಿದೆ. ಅವಳು ನೆಲದ ವಿಷಯ ಕೇಳಲಿಲ್ಲ, ವಾಸ್ತುವಿನ ವಿಷಯ ಕೇಳಲಿಲ್ಲ. "ಆ ಅಕ್ಕನ ಕಾಲು ಆಮೇಲೂ ಸರಿಹೋಗ್ಲಿಲ್ವಾ?" ಎಂದಷ್ಟೇ ಕೇಳಿದಳು. ಇಲ್ಲ ಎಂದಾಗ ನನಗೆ ಅಳು ಬಂತು. ಅವಳು ಮತ್ತೆ ಒಲೆ ಹಚ್ಚಿದಳು.

ಅದಕ್ಕೇ ಈ ಕಾಗದ. ಇದು ನಿಮ್ಮ ಕಾಲಕ್ಕೆ ಹಿಂದೆ ಹೋಗಿ ನಿಮ್ಮ ಕೈ ಸೇರುವಾಗ ಬಾವಿ ಮುಚ್ಚಿ ಆಗಿರುತ್ತದೆ, ವನಜಾಕ್ಷಿ ಬಾಡಿಗೆಗೆ ಬರುವುದು ಮುಂದಿನ ಬುಧವಾರ. ಹದಿನಾರು ಷರತ್ತು ಬೇಕಾದರೆ ಇರಲಿ, ಬಾವಿ ಇದೆ ಎಂದು ಒಂದು ಮಾತು ಹೇಳಿಬಿಡಿ. ಅವಳು ಬೇರೆ ಮನೆ ನೋಡಿಕೊಳ್ಳುತ್ತಾಳೆ. ಆಗ ಅವಳು ಕೋರ್ಟಿಗೆ ಹೋಗುವುದಿಲ್ಲ, ನಮಗೆ ಈ ಕಾನೂನೂ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಏನೇನು ಮುಚ್ಚಿಟ್ಟಿರುತ್ತಾರೋ ನಮಗೆ ತಿಳಿಯುವುದೂ ಇಲ್ಲ. ನಾವು ಹೇಗೋ ನಿಭಾಯಿಸುತ್ತೇವೆ, ಅಜ್ಜಿ. ಅವಳು ನಡೆದುಕೊಂಡು ಹೋಗಲಿ.